ಗಲ್ಲಾಪೆಟ್ಟಿಗೆಯ ಪಕ್ಕದಲ್ಲೊಂದು ಪುಸ್ತಕ

'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬುದು ಹಿರಿಯರ ಮಾತು. ಓದು ಬೇಕೆನ್ನುವವರೂ ಬೇಡವೆನ್ನುವವರೂ ಈ ಗಾದೆಯನ್ನು ತಮ್ಮ ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. "ನಮ್ಮಪ್ಪ ಯಾವ ಪುಸ್ತಕ ಓದಿ ಅಂಗಡಿ ನಡೆಸಿದರು?" ಎಂದು ಕೇಳುವ ವ್ಯಾಪಾರಿಗಳು ನಮ್ಮಲ್ಲಿ ಅನೇಕರು. ಅವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಗಿರಾಕಿಯ ಮುಖ ನೋಡಿ ಮನಸ್ಸನ್ನು ತಿಳಿಯುವುದು, ಯಾರಿಗೆ ಉದ್ದರಿ ಕೊಡಬೇಕು, ಯಾರಿಗೆ ಕೊಡಬಾರದು ಎಂದು ಅರಿಯುವುದು ಅನುಭವದಿಂದಲೇ ಬರುತ್ತದೆ. ಆದರೆ ಮುಕ್ಕಾಲೆಂದರೆ ಹನ್ನೆರಡಾಣೆ ಮಾತ್ರ. ಉಳಿದ ನಾಲ್ಕಾಣೆ ಸೇರದೆ ರೂಪಾಯಿ ಪೂರ್ತಿಯಾಗುವುದಿಲ್ಲವಲ್ಲ!

ನಮ್ಮ ಅನೇಕ ಮನೆಗಳಲ್ಲಿ ಪುಸ್ತಕವೆಂದರೆ ಪರೀಕ್ಷೆಗೆ ಸಂಬಂಧಿಸಿದ ವಸ್ತು. ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ಫಲಿತಾಂಶ ಬಂದ ಮರುದಿನವೇ ಅದು ರದ್ದಿ ಅಂಗಡಿಗೆ ಹೋಗುತ್ತದೆ. ಆಮೇಲೆ ಹುಡುಗ ಬೇಕರಿ ಹಾಕಬಹುದು, ಹುಡುಗಿ ಹೊಲಿಗೆ ಅಂಗಡಿ ತೆರೆಯಬಹುದು. ಅದಕ್ಕೆ ಹಣ ಎಲ್ಲಿಂದ ತರುವುದೆಂದು ಮನೆಯವರೆಲ್ಲ ಯೋಚಿಸುತ್ತಾರೆ. ತಿಳಿವಳಿಕೆ ಎಲ್ಲಿಂದ ತರುವುದೆಂದು ಯೋಚಿಸುವವರು ಕಡಿಮೆ. ಓದಿಗೂ ಜೀವನೋಪಾಯಕ್ಕೂ ಇರುವ ನಂಟನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ಸನ್ಯಾಸಿಯೊಬ್ಬರು ಬರೆದ ಲೆಕ್ಕದ ಪುಸ್ತಕ

ಜಗತ್ತಿನ ವ್ಯಾಪಾರಿಗಳೆಲ್ಲ ಇಂದಿಗೂ ಅನುಸರಿಸುವ ಲೆಕ್ಕದ ಕ್ರಮವನ್ನು ಅಚ್ಚಿನಲ್ಲಿ ಮೊದಲು ವಿವರವಾಗಿ ಕಲಿಸಿಕೊಟ್ಟವರು ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಅವರ ಹೆಸರು ಲೂಕಾ ಪಚೋಲಿ. ಇಟಲಿಯ ಸಾನ್‌ಸೆಪೊಲ್ಕ್ರೊ ಎಂಬ ಊರಿನವರು. ಯೌವನದಲ್ಲಿ ವೆನಿಸ್ ನಗರದ ವರ್ತಕನೊಬ್ಬನ ಮೂವರು ಗಂಡುಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದರು. ವ್ಯಾಪಾರದ ಒಳಹೊರಗನ್ನು ಅಲ್ಲಿಯೇ ಕಂಡರು. ಮುಂದೆ ಸನ್ಯಾಸ ಸ್ವೀಕರಿಸಿ, ಗಣಿತದ ಅಧ್ಯಾಪಕರಾಗಿ ಹಲವು ನಗರಗಳಲ್ಲಿ ಕಲಿಸಿದರು. ಚಿತ್ರಕಾರ ಲಿಯೊನಾರ್ಡೊ ಡಾ ವಿಂಚಿ ಅವರ ಗೆಳೆಯ.

1494ರಲ್ಲಿ ಪಚೋಲಿಯವರ ದೊಡ್ಡ ಗಣಿತ ಗ್ರಂಥವೊಂದು ವೆನಿಸ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಚಿಕ್ಕ ಚಿಕ್ಕ 36 ಅಧ್ಯಾಯಗಳ ಒಂದು ಭಾಗ ವ್ಯಾಪಾರದ ಲೆಕ್ಕಕ್ಕೇ ಮೀಸಲು. ಜೋಡಿ ನಮೂದು ಪದ್ಧತಿಯನ್ನು ಕಂಡುಹಿಡಿದವರು ಅವರಲ್ಲ. ವೆನಿಸ್‌ನ ವರ್ತಕರು ಅದನ್ನು ಮೊದಲೇ ಬಳಸುತ್ತಿದ್ದರು. ಆದರೆ ಅದನ್ನು ಕಲಿಯಲು ಯಾವುದಾದರೂ ವರ್ತಕನ ಕೈಕೆಳಗೆ ದುಡಿಯಬೇಕಾಗಿತ್ತು. ಪಚೋಲಿ ಅದನ್ನು ಪಂಡಿತರ ಲತೀನಿನಲ್ಲಿ ಬರೆಯದೆ ಜನರಾಡುವ ಇಟಾಲಿಯನ್ ಭಾಷೆಯಲ್ಲಿ ಬರೆದರು. ಕೆಲವೇ ಮನೆತನಗಳ ಸ್ವತ್ತಾಗಿದ್ದ ವಿದ್ಯೆ ಹೀಗೆ ಓದಬಲ್ಲವರೆಲ್ಲರ ಸ್ವತ್ತಾಯಿತು.

ಅವರು ಕಲಿಸಿದ್ದು ಬಹಳ ಸರಳ. ಮೊದಲು ನಿನ್ನಲ್ಲಿ ಇರುವುದೆಲ್ಲವನ್ನೂ, ಕೊಡಬೇಕಾದ ಸಾಲವನ್ನೂ ಪಟ್ಟಿ ಮಾಡು. ಆಮೇಲೆ ಮೂರು ಪುಸ್ತಕಗಳನ್ನಿಡು. ಆಯಾ ದಿನದ ವ್ಯವಹಾರವನ್ನು ನಡೆದಂತೆಯೇ ಬರೆದಿಡಲು ಒಂದು. ಅದನ್ನು ಕ್ರಮವಾಗಿ ಜಮೆ-ಖರ್ಚು ಮಾಡಲು ಇನ್ನೊಂದು, ನಮ್ಮಲ್ಲಿ ಕಿರ್ದಿ ಎನ್ನುವಂಥದು. ಪ್ರತಿಯೊಬ್ಬರ ಲೆಕ್ಕವನ್ನು ಬೇರೆ ಬೇರೆಯಾಗಿ ತೋರಿಸುವ ಖಾತೆ ಪುಸ್ತಕ ಮೂರನೆಯದು. ಪ್ರತಿ ವ್ಯವಹಾರವೂ ಎರಡು ಕಡೆ ದಾಖಲಾಗಬೇಕು, ಕೊನೆಗೆ ಎರಡೂ ಕಡೆಯ ಮೊತ್ತ ತಾಳೆಯಾಗಬೇಕು. ಮೊದಲ ಲೆಕ್ಕದ ಪುಸ್ತಕಗಳ ಮೇಲೆ ಶಿಲುಬೆಯ ಗುರುತು ಹಾಕಿ, ದೇವರ ಹೆಸರಿನಲ್ಲಿ ಆರಂಭಿಸಬೇಕೆಂದೂ ಅವರು ಹೇಳಿದ್ದರು. ನಮ್ಮ ನಾಡಿನ ಹಿಂದೂ ವರ್ತಕರು ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿ 'ಶ್ರೀ' ಎಂದು ಬರೆಯುವುದನ್ನು ನಾವು ಕಂಡಿದ್ದೇವೆ. ಲೆಕ್ಕವೆಂದರೆ ಸತ್ಯದ ವಿಷಯ ಎಂಬ ಭಾವನೆ ಎರಡರಲ್ಲೂ ಒಂದೇ.

ಬೆಂಗಳೂರಿನಲ್ಲಿ ಹುಟ್ಟಿದ 'ಟ್ಯಾಲಿ' ತಂತ್ರಾಂಶವನ್ನು ಇಂದು ಎಷ್ಟೋ ಅಂಗಡಿಗಳು ಬಳಸುತ್ತವೆ. ಅದರ ಒಳಗಿರುವ ನಿಯಮವೂ ಪಚೋಲಿ ಬರೆದದ್ದೇ. ಐನೂರು ವರ್ಷಗಳ ಹಿಂದಿನ ಅನುಭವವು ಒಂದು ಪುಸ್ತಕದ ಮೂಲಕ ನಮ್ಮವರೆಗೆ ಹರಿದುಬಂದಿದೆ. ತಂದೆಯ ಅನುಭವ ಮಗನಿಗೆ ಸಿಗಬಹುದು. ಪರದೇಶದ, ಹಿಂದಿನ ಶತಮಾನದ ಅನುಭವ ಬೇಕಾದರೆ ಓದದೆ ಬೇರೆ ದಾರಿಯಿಲ್ಲ.

ಇದು ನಮ್ಮ ಮನೆಗೆ ಹೇಗೆ ಅನ್ವಯಿಸುತ್ತದೆ? ಒಂದು ದಿನಸಿ ಅಂಗಡಿ ಎಂದಿಟ್ಟುಕೊಳ್ಳಿ. ಮನೆಯವರು ದಿನವೂ ಸಕ್ಕರೆ, ಎಣ್ಣೆ, ಸೋಪು ಎಂದು 200 ರೂಪಾಯಿಯ ಸಾಮಾನು ಒಯ್ಯುತ್ತಾರೆ. 'ನಮ್ಮದೇ ಅಂಗಡಿ, ಬರೆಯುವುದೇಕೆ?' ಎಂದು ಸುಮ್ಮನಿರುತ್ತಾರೆ. ತಿಂಗಳಿಗೆ 6,000, ವರ್ಷಕ್ಕೆ 72,000 ರೂಪಾಯಿ ಕಾಣದಂತೆ ಕರಗುತ್ತದೆ. ವರ್ಷದ ಕೊನೆಗೆ 'ವ್ಯಾಪಾರ ಚೆನ್ನಾಗಿದೆ, ದುಡ್ಡು ಮಾತ್ರ ಉಳಿಯುತ್ತಿಲ್ಲ' ಎಂಬ ಚಿಂತೆ. ಗಂಡ ಹೆಂಡತಿಯ ಕೈ ದೊಡ್ಡದೆನ್ನುತ್ತಾನೆ, ಹೆಂಡತಿ ಗಂಡನ ಗೆಳೆಯರನ್ನು ದೂರುತ್ತಾಳೆ. ಲೆಕ್ಕಶಾಸ್ತ್ರದ ಯಾವುದೇ ಚಿಕ್ಕ ಪುಸ್ತಕವನ್ನು ತೆರೆದರೂ ಮೊದಲ ಪಾಠದಲ್ಲೇ ಉತ್ತರವಿದೆ: ಅಂಗಡಿ ಬೇರೆ, ಮಾಲೀಕ ಬೇರೆ. ಮಾಲೀಕ ತೆಗೆದುಕೊಂಡದ್ದನ್ನೂ ಬರೆಯಬೇಕು. ಇಷ್ಟನ್ನು ಓದಿ ತಿಳಿದ ಮನೆಯಲ್ಲಿ ಹಣವಷ್ಟೇ ಅಲ್ಲ, ಶಾಂತಿಯೂ ಉಳಿಯುತ್ತದೆ.

ಓದದೆ ಹಾಕುವ ಸಹಿ

ಓದಿನ ಎರಡನೆಯ ಪ್ರಯೋಜನ, ಮೋಸ ಹೋಗದಿರುವುದು. 'ಇಲ್ಲಿ ಸಹಿ ಹಾಕಿ, ಇಲ್ಲಿ, ಇಲ್ಲೂ ಒಂದು' ಎಂದಾಗ ಎಷ್ಟು ಮಂದಿ ಓದಿ ಸಹಿ ಹಾಕುತ್ತೇವೆ?

ಒಂದು ಲೆಕ್ಕ ನೋಡೋಣ. 1,00,000 ರೂಪಾಯಿ ಸಾಲ, ಶೇಕಡ 12ರ 'ಫ್ಲ್ಯಾಟ್' ಬಡ್ಡಿ, 12 ತಿಂಗಳ ಸಮ ಕಂತು. ಬಡ್ಡಿ 12,000 ರೂಪಾಯಿ, ತಿಂಗಳ ಕಂತು ಸುಮಾರು 9,333 ರೂಪಾಯಿ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಪೂರ್ತಿ ಒಂದು ಲಕ್ಷ ನಿಮ್ಮ ಕೈಯಲ್ಲಿರುವುದು ಮೊದಲ ತಿಂಗಳು ಮಾತ್ರ. ಆರು ತಿಂಗಳಾಗುವಾಗ ಹತ್ತಿರ ಹತ್ತಿರ ಅರ್ಧ ಅಸಲು ತೀರಿರುತ್ತದೆ. ಆದರೂ ಬಡ್ಡಿಯನ್ನು ಕೊನೆಯವರೆಗೂ ಒಂದು ಲಕ್ಷಕ್ಕೇ ಕಟ್ಟುತ್ತೀರಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ವಾರ್ಷಿಕ ದರ ಶೇಕಡ 21ನ್ನೂ ದಾಟುತ್ತದೆ!

ಇದಕ್ಕಾಗಿಯೇ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಒಂದು ನಿಯಮ ತಂದಿದೆ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅವಧಿ ಸಾಲ ಕೊಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಸಾಲದ ಮುಖ್ಯ ಅಂಶಗಳನ್ನು ಒಂದು ಪಟ್ಟಿಯಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಶುಲ್ಕಗಳೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದರಲ್ಲಿ ಇಲ್ಲದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲು ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಸಾಲವಾದರೆ, ಪಟ್ಟಿ ಕೊಟ್ಟ ಮೇಲೆ ಒಪ್ಪಿಕೊಳ್ಳಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಇರಬೇಕು. ಅಂದರೆ ಕಾಗದವನ್ನು ಮನೆಗೆ ತಂದು, ಕಾಲೇಜಿಗೆ ಹೋಗುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದುವ ಹಕ್ಕು ನಮಗಿದೆ. ಆದರೆ ಓದುವ ಅಭ್ಯಾಸವೇ ಇಲ್ಲದವನಿಗೆ ಈ ಹಕ್ಕಿನಿಂದ ಏನು ಪ್ರಯೋಜನ? ಹತ್ತು ಪುಟ ಕಥೆ ಓದಲು ತಾಳ್ಮೆಯಿಲ್ಲದವನು ಎರಡು ಪುಟದ ಕರಾರು ಓದುವನೇ?

ಓದಿ ಬೆಳೆದ ಹುಡುಗ

1848ರಲ್ಲಿ ಸ್ಕಾಟ್ಲೆಂಡಿನ ಬಡ ನೇಕಾರನ ಕುಟುಂಬವೊಂದು ಅಮೆರಿಕಕ್ಕೆ ವಲಸೆ ಹೋಯಿತು. ಹಿರಿಯ ಮಗ ಆಂಡ್ರ್ಯೂ ಕಾರ್ನೆಗಿ ಹತ್ತಿಯ ಗಿರಣಿ ಸೇರಿದಾಗ ವಾರದ ಕೂಲಿ ಒಂದು ಡಾಲರ್ 20 ಸೆಂಟ್. ಮುಂದೆ ತಂತಿ ಕಚೇರಿಯಲ್ಲಿ ತಂತಿ ಹಂಚುವ ಹುಡುಗನಾದ. ಆ ಊರಿನ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬವರು ತಮ್ಮ ಮನೆಯ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗಾಗಿ ತೆರೆದಿಟ್ಟರು. ಶನಿವಾರ ಬಂದು ಒಂದು ಪುಸ್ತಕ ಒಯ್ಯಬಹುದು, ಮುಂದಿನ ಶನಿವಾರ ಬದಲಿಸಬಹುದು. ಶಾಲೆ ಬಿಟ್ಟ ಹುಡುಗನಿಗೆ ಅದೇ ಶಾಲೆಯಾಯಿತು. ಆತ ಮುಂದೆ ಉಕ್ಕಿನ ಉದ್ಯಮದಲ್ಲಿ ಜಗತ್ತಿನ ದೊಡ್ಡ ಶ್ರೀಮಂತರಲ್ಲೊಬ್ಬನಾದ. ಆ ಉಪಕಾರವನ್ನು ಮರೆಯದೆ, ಹಲವು ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳನ್ನು ಕಟ್ಟಲು ಹಣ ಕೊಟ್ಟ.

ಇಲ್ಲಿಗೆ ಕಥೆ ನಿಲ್ಲಿಸಿದರೆ ಚೆನ್ನಾಗಿಯೇ ಇರುತ್ತದೆ. ಆದರೆ ಸತ್ಯ ಅರ್ಧವಾಗುತ್ತದೆ. 1892ರಲ್ಲಿ ಕಾರ್ನೆಗಿಯ ಹೋಮ್‌ಸ್ಟೆಡ್ ಕಾರ್ಖಾನೆಯಲ್ಲಿ ಕೂಲಿ ಕಡಿತದ ವಿಷಯದಲ್ಲಿ ತಕರಾರು ಎದ್ದಿತು. ಆಡಳಿತವು ಬಾಗಿಲು ಮುಚ್ಚಿ, ಬಾಡಿಗೆ ಕಾವಲುಗಾರರನ್ನು ಕರೆಸಿತು. ಜುಲೈ 6ರಂದು ಗುಂಡಿನ ಕಾಳಗ ನಡೆದು ಎರಡೂ ಕಡೆ ಜನ ಸತ್ತರು. ಮಾಲೀಕ ಆಗ ಸ್ಕಾಟ್ಲೆಂಡಿನಲ್ಲಿದ್ದ. ದಿನಕ್ಕೆ 12 ಗಂಟೆ ಕುಲುಮೆಯ ಮುಂದೆ ಬೆಂದವನಿಗೆ ಗ್ರಂಥಾಲಯ ಕಟ್ಟಿಕೊಟ್ಟರೆ, ಅಲ್ಲಿಗೆ ಹೋಗಲು ಸಮಯವೆಲ್ಲಿ, ಶಕ್ತಿಯೆಲ್ಲಿ?

ಅದಕ್ಕೆ ಒಂದು ವರ್ಷ ಮೊದಲಷ್ಟೇ, 1891ರ ಮೇ ತಿಂಗಳಲ್ಲಿ, ಜಗದ್ಗುರು 13ನೆಯ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರ ಹೊರಡಿಸಿದ್ದರು. ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಸಾಲುವಷ್ಟು ಕೂಲಿ ಕೊಡುವುದು ನ್ಯಾಯದ ಕರ್ತವ್ಯವೆಂದು ಅದು ಸಾರಿತ್ತು. ಓದು ಮನುಷ್ಯನನ್ನು ಚುರುಕು ಮಾಡುತ್ತದೆ, ನಿಜ. ತಾನಾಗಿಯೇ ನ್ಯಾಯವಂತನನ್ನಾಗಿ ಮಾಡುವುದಿಲ್ಲ. ಗಾದೆ ಹೇಳುವ ಮುಕ್ಕಾಲು ಪಾಲಿನ 'ಬುದ್ಧಿ' ಬೇಕಾಗುವುದು ಇಲ್ಲಿಯೇ. ನಮ್ಮ ಅಂಗಡಿಯ ಕೆಲಸದ ಹುಡುಗನಿಗೆ ಓದಲು ಬಿಡುವಿದೆಯೇ ಎಂದು ಕೇಳಿಕೊಳ್ಳದೆ ನಾವು ಎಷ್ಟು ಓದಿದರೇನು?

ಕಥೆ ಕಾದಂಬರಿ ಏಕೆ?

'ವ್ಯಾಪಾರಿಗೆ ಲೆಕ್ಕದ ಪುಸ್ತಕ ಸಾಕು, ಕಾದಂಬರಿ ಏಕೆ?' ಎನ್ನುವವರುಂಟು. ವ್ಯಾಪಾರ ನಡೆಯುವುದು ಮನುಷ್ಯರ ನಡುವೆ, ಕಾದಂಬರಿ ಕಲಿಸುವುದೂ ಮನುಷ್ಯರನ್ನೇ. 1933ರಲ್ಲಿ ಬಂದ ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಓದಿದವನಿಗೆ, ತೀರದ ಸಾಲವು ಒಂದು ಸಂಸಾರವನ್ನು ಹೇಗೆ ಹಿಂಡುತ್ತದೆ ಎಂಬುದು ತಿಳಿಯುತ್ತದೆ. ಅಂಥವನು ಉದ್ದರಿ ಕೇಳಲು ಬಂದವಳೊಡನೆ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಮಾತಾಡಲಾರ.

ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2024ರ ಜುಲೈಯಲ್ಲಿ ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಗುರು ಅಭ್ಯರ್ಥಿಗಳಿಗೆಂದು ಹೊರಟ ಮಾತನ್ನು ಎಲ್ಲ ಕ್ರೈಸ್ತರಿಗೂ ವಿಸ್ತರಿಸಿದರು. ಸಾಹಿತ್ಯ ಓದುವವನು ಇತರರ ಕಣ್ಣಿನಿಂದ ನೋಡಲು ಕಲಿಯುತ್ತಾನೆ ಎಂಬುದು ಅದರ ಸಾರ. ತಾವು 1964-65ರಲ್ಲಿ ಅರ್ಜೆಂಟೀನಾದ ಸಾಂತಾ ಫೆಯ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದಾಗ ನಡೆದುದನ್ನೂ ಅದರಲ್ಲಿ ಹೇಳಿದ್ದಾರೆ. ಪಠ್ಯದಲ್ಲಿದ್ದ ಹಳೆಯ ಕಾವ್ಯ ಹುಡುಗರಿಗೆ ಹಿಡಿಸಲಿಲ್ಲ. ಅದನ್ನು ಮನೆಯಲ್ಲಿ ಓದಲು ಹೇಳಿ, ತರಗತಿಯಲ್ಲಿ ಹುಡುಗರು ಇಷ್ಟಪಟ್ಟ ಲೇಖಕರನ್ನೇ ತೆಗೆದುಕೊಂಡರಂತೆ. ತಂದೆತಾಯಂದಿರಿಗೆ ಇದರಲ್ಲಿ ಒಳ್ಳೆಯ ಪಾಠವಿದೆ. ಮಗುವಿನ ಓದು ಅದಕ್ಕೆ ಇಷ್ಟವಾದುದರಿಂದ ಆರಂಭವಾಗಲಿ.

ಆರಂಭಿಸುವುದು ಹೇಗೆ?

1. ದಿನಕ್ಕೆ ಎಂಟು ಪುಟ ಸಾಕು. ವರ್ಷಕ್ಕೆ 2,920 ಪುಟ, ಅಂದರೆ 200 ಪುಟಗಳ 14 ಪುಸ್ತಕ! ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲಿನ ಬದಲು ಪುಸ್ತಕ ಹಿಡಿಯಿರಿ.

2. ಒಂದು ಕಸುಬಿನ ಪುಸ್ತಕ, ಒಂದು ಮನುಷ್ಯರ ಪುಸ್ತಕ. ಲೆಕ್ಕ, ತೆರಿಗೆ, ಕೃಷಿ, ಹೊಲಿಗೆ, ಅಡುಗೆ, ನಿಮ್ಮ ಕೆಲಸಕ್ಕೆ ಹೊಂದುವುದು ಒಂದು. ಕಥೆ, ಜೀವನಚರಿತ್ರೆ ಇನ್ನೊಂದು. ಬದಲಿಸಿ ಬದಲಿಸಿ ಓದಿ.

3. ಓದಿದ್ದರಲ್ಲಿ ಒಂದನ್ನಾದರೂ ಮಾಡಿ ನೋಡಿ. ಅಡುಗೆ ಪುಸ್ತಕ ಓದಿದ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ.

4. ತಿಂಗಳಲ್ಲಿ ಕೋಟಿ ಗಳಿಸುವ ಗುಟ್ಟು ಹೇಳುವ ಪುಸ್ತಕಗಳ ಬಗ್ಗೆ ಎಚ್ಚರವಿರಲಿ. ಬಂಡವಾಳ, ಆರೋಗ್ಯ, ಮಾರುಕಟ್ಟೆಯ ಏರಿಳಿತ ಇವೆಲ್ಲ ನಮ್ಮ ಕೈಯಲ್ಲಿಲ್ಲ. ಓದು ಗೆಲುವಿನ ಖಾತರಿ ಕೊಡುವುದಿಲ್ಲ, ತಪ್ಪುಗಳನ್ನು ಕಡಿಮೆ ಮಾಡುತ್ತದೆ.

5. ಗ್ರಂಥಾಲಯಕ್ಕೆ ಹೋಗಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ಜಮೀನು-ಕಟ್ಟಡಗಳ ತೆರಿಗೆಯ ಜೊತೆ ಶೇಕಡ 6ರ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಿದ್ದೇವೆ. ಹಳ್ಳಿಗಳಲ್ಲಿ ಪಂಚಾಯಿತಿಯ ಗ್ರಂಥಾಲಯಗಳು ಈಗ 'ಅರಿವು ಕೇಂದ್ರ'ಗಳಾಗಿವೆ. ದುಡ್ಡು ಕೊಟ್ಟಾಗಿದೆ, ಪುಸ್ತಕ ತರುವುದೊಂದೇ ಬಾಕಿ.

6. ಓದಲು ಬಾರದ ಹಿರಿಯರು ಮನೆಯಲ್ಲಿದ್ದರೆ ಗಟ್ಟಿಯಾಗಿ ಓದಿ. ಅಜ್ಜಿ ಕೇಳಲಿ, ಮೊಮ್ಮಗ ಓದಲಿ. ಇಬ್ಬರಿಗೂ ಲಾಭ.

ಮನೆಯಲ್ಲಿ ಚರ್ಚಿಸಿ

ಈ ಭಾನುವಾರ ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಈ ಪ್ರಶ್ನೆಗಳನ್ನು ವಿಚಾರಿಸಿರಿ.

ಅ. ಕಳೆದ ಒಂದು ವರ್ಷದಲ್ಲಿ ನಮ್ಮಲ್ಲಿ ಪ್ರತಿಯೊಬ್ಬರೂ ಪೂರ್ತಿ ಓದಿ ಮುಗಿಸಿದ ಪುಸ್ತಕ ಯಾವುದು?

ಆ. ನಮ್ಮ ಮನೆಯ ಸಾಲದ ಕಾಗದಗಳು ಎಲ್ಲಿವೆ? ಅವುಗಳನ್ನು ಯಾರಾದರೂ ಓದಿದ್ದೇವೆಯೇ?

ಇ. ಅಂಗಡಿಯ ಹಣ, ಮನೆಯ ಹಣ ಬೇರೆ ಬೇರೆಯಾಗಿ ಬರೆಯುತ್ತಿದ್ದೇವೆಯೇ?

ಈ. ನಮ್ಮಲ್ಲಿ ಕೆಲಸ ಮಾಡುವವರ ಮಕ್ಕಳಿಗೆ ಪುಸ್ತಕ ಇದೆಯೇ? ಇಲ್ಲದಿದ್ದರೆ ಆಂಡರ್ಸನ್‌ರವರಂತೆ ನಮ್ಮ ಕಪಾಟಿನ ಬಾಗಿಲನ್ನು ಅವರಿಗೆ ತೆರೆಯಬಹುದೇ?

ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ, ನಾಳೆಯೇ ಆ ಕಾಗದಗಳನ್ನು ಹುಡುಕಿ ತೆಗೆಯಿರಿ. ಈ ವರ್ಷದ ಓದು ಅಲ್ಲಿಂದಲೇ ಆರಂಭವಾಗಲಿ.