ವಹಿ ಓದೋಣ, ತಪ್ಪು ಹುಡುಕೋಣ

ಅಕ್ಕ-ತಂಗಿಯರೇ, ಹಿಂದಿನ ಪಾಠಗಳಲ್ಲಿ ಕೂಡಿಸುವುದು, ಕಳೆಯುವುದು, ಭಾಗಿಸುವುದು ಕಲಿತೆವು. ಅದನ್ನು ಈಗ ಬಚತ್ ಗಟ್ಟಿನ ವಹಿಯಲ್ಲಿ ಉಪಯೋಗಿಸೋಣ.

ಉಮರ್ಗಾ, ನಿಲಂಗಾ, ಉದಗೀರ ಭಾಗದಲ್ಲಿ ನಮ್ಮಂಥವರ ಮನೆಮಾತು ಕನ್ನಡ. ಗಟ್ಟಿನ ವಹಿ ಮರಾಠಿಯಲ್ಲಿರುತ್ತದೆ. "ನಮಗೇನ ತಿಳಿತದ, ಬರಿಯಾಕಿ ನೋಡ್ಕೋತಾಳ" ಎಂದು ಹೆಬ್ಬೆಟ್ಟು ಒತ್ತಿ ಎದ್ದು ಬರುತ್ತೇವೆ. ಆದರೆ ರೊಕ್ಕ ಎಲ್ಲರದು. ಅಂಕಿ ಓದಲು ಬಂದರೆ ಲೆಕ್ಕ ಕೇಳಬಹುದು.

1992ರಲ್ಲಿ ನಬಾರ್ಡ್ 500 ಗಟ್ಟುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ಗಟ್ಟಿಗೆ ಐದು ನೇಮಗಳಿವೆ: ವೇಳೆಗೆ ಸಭೆ, ವೇಳೆಗೆ ಉಳಿತಾಯ, ತಮ್ಮೊಳಗೆ ಸಾಲ, ವೇಳೆಗೆ ಮರುಪಾವತಿ, ಸರಿಯಾದ ಲೆಕ್ಕ. ಐದನೆಯದು ಕೆಟ್ಟರೆ ಉಳಿದ ನಾಲ್ಕೂ ನಿಲ್ಲುವುದಿಲ್ಲ.

ಕಲಿಕೆಗಾಗಿ ಒಂದು ವಹಿ ನೋಡೋಣ. ಗಟ್ಟಿನಲ್ಲಿ 12 ಮಂದಿ ಇದ್ದಾರೆ. ತಿಂಗಳು ಆಗಸ್ಟ್.

ತಾ. 1 – ಹಿಂದಿನ ಶಿಲ್ಕು – ರೂ. 850
ತಾ. 5 – ಉಳಿತಾಯ ಜಮಾ (12 × 100) – ರೂ. 1,200
ತಾ. 5 – ಸಾಲದ ಕಂತು ಜಮಾ – ರೂ. 1,500
ತಾ. 5 – ಚಹಾ ಖರ್ಚು – ರೂ. 60
ತಾ. 15 – ಬ್ಯಾಂಕಿಗೆ ಕಟ್ಟಿದ್ದು – ರೂ. 2,700
ತಾ. 20 – ಉದಗೀರಿಗೆ ಬಸ್ ಖರ್ಚು – ರೂ. 900

ಇದರಲ್ಲಿ ಎಲ್ಲಿ ಅನುಮಾನ ಬರುತ್ತದೆ? ನಾಲ್ಕು ಪ್ರಶ್ನೆ ಕೇಳಿರಿ.

1. ಪ್ರತಿ ತಿಂಗಳಿನಂತೆ ಇದೆಯೇ? ಹಿಂದಿನ ತಿಂಗಳುಗಳಲ್ಲಿ ಬಸ್ ಖರ್ಚು 80, 90 ರೂಪಾಯಿ. ಈಗ 900.

2. ಕೈಯಲ್ಲಿ ಅಷ್ಟು ರೊಕ್ಕ ಇತ್ತೇ? 19ನೇ ತಾರೀಖಿಗೆ ಶಿಲ್ಕು 790. ಅದರಲ್ಲಿ 900 ಖರ್ಚು ಮಾಡಲು ಬರುವುದಿಲ್ಲ.

3. ತಾರೀಖು ಸರಿಯೇ? ಆಗಸ್ಟ್ 15ಕ್ಕೆ ಬ್ಯಾಂಕ್ ರಜೆ. ಆ ದಿನ ರೊಕ್ಕ ಯಾರು ತೆಗೆದುಕೊಂಡರು?

4. ಪಾಸಬುಕ್ ಏನು ಹೇಳುತ್ತದೆ? ಅದರಲ್ಲಿ 18ನೇ ತಾರೀಖು, ರೂ. 2,070 ಎಂದಿದೆ.

ಸಭೆಯಲ್ಲಿ ಹಿರಿಯಾಕೆ ಕೇಳಿದಳು: "ಯಾಕ ತಂಗಿ, ಬಸ್ಸಿಗಿ ಒಂಬೈನೂರು ಹ್ಯಾಂಗ ಆಯ್ತು?"

"ಅಯ್ಯ, ತೊಂಬತ್ತು ಅಕ್ಕಾ! ಒಂದು ಸೊನ್ನಿ ಹೆಚ್ಚಿಗಿ ಬಿದ್ದದ."

ಟಿಕೀಟು ನೋಡಿದರು. 90 ಇತ್ತು. ಪೆಟ್ಟಿಗೆ ಎಣಿಸಿದರು. 700 ಇತ್ತು. 790ರಲ್ಲಿ 90 ಕಳೆದರೆ 700. ಲೆಕ್ಕ ಕೂಡಿತು.

ಇಲ್ಲಿ ಒಂದು ಯುಕ್ತಿ ಕಲಿಯಿರಿ. ಸೊನ್ನೆ ಹೆಚ್ಚಾದರೂ, ಎರಡು ಅಂಕಿ ಅದಲುಬದಲಾದರೂ ವ್ಯತ್ಯಾಸವು 9ರಿಂದ ಪೂರ್ತಿ ಭಾಗವಾಗುತ್ತದೆ. 900 – 90 = 810. 810 ÷ 9 = 90.

ಬ್ಯಾಂಕಿನ ವ್ಯತ್ಯಾಸ 2,700 – 2,070 = 630. 630 ÷ 9 = 70. ಇದೂ ಬರೆಯುವಾಗ ಆದ ತಪ್ಪೇ? ಅವಸರ ಬೇಡ. 9ರ ಯುಕ್ತಿ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಬ್ಯಾಂಕಿನ ರಸೀದಿ ತರಿಸಿದರು. ಅದರಲ್ಲೂ 2,070 ಇತ್ತು. ಅಂದರೆ 630 ಬ್ಯಾಂಕಿಗೆ ಮುಟ್ಟಿಲ್ಲ.

ರೊಕ್ಕ ಒಯ್ದಾಕೆ ತಲೆ ತಗ್ಗಿಸಿ ಹೇಳಿದಳು: "ಹುಡುಗಗ ಜ್ವರ ಬಂದಿತ್ತು ಅಕ್ಕಾ. ದವಾಖಾನಿಗಿ ಕೊಟ್ಟೆ. ಸೋಯಾಬೀನ್ ಮಾರಿದ ಮ್ಯಾಲ ತುಂಬಬೇಕಂತಿದ್ದೆ."

"ಕೇಳಿದ್ರ ನಾವೇ ಸಾಲ ಕೊಡ್ತಿದ್ದೆವಲ್ಲವ್ವ!" ಎಂದಳು ಹಿರಿಯಾಕೆ.

ಗಟ್ಟು ಒಡೆಯಲಿಲ್ಲ. ಆ 630ನ್ನು ಸಾಲವೆಂದು ಬರೆದು ಎಲ್ಲರೂ ಸಹಿ ಮಾಡಿದರು. ಮುಂದೆ ಬ್ಯಾಂಕಿಗೆ ಇಬ್ಬರು ಹೋಗಬೇಕು, ರಸೀದಿ ನೋಡದೆ ವಹಿಯಲ್ಲಿ ಬರೆಯಬಾರದು ಎಂದು ಠರಾವು ಮಾಡಿದರು.

ದೊಡ್ಡವರ ಲೆಕ್ಕಕ್ಕೂ ಇದೇ ನೇಮ. ಹೈದರಾಬಾದಿನ ಸತ್ಯಂ ಕಂಪನಿಯ ವಹಿಯಲ್ಲಿ ನಗದು ಮತ್ತು ಬ್ಯಾಂಕಿನ ಶಿಲ್ಕು ಎಂದು ರೂ. 5,361 ಕೋಟಿ ಬರೆದಿತ್ತು. ಅದರಲ್ಲಿ ರೂ. 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರ ಅಧ್ಯಕ್ಷರಾಗಿದ್ದ ಬಿ. ರಾಮಲಿಂಗರಾಜು 2009ರ ಜನವರಿ 7ರಂದು ಪತ್ರದಲ್ಲಿ ಒಪ್ಪಿಕೊಂಡರು. ವಹಿಯನ್ನು ಬ್ಯಾಂಕಿನ ಲೆಕ್ಕಕ್ಕೆ ನೇರವಾಗಿ ತಾಳೆ ನೋಡಿದ್ದರೆ ಈ ಸುಳ್ಳು ಬಹಳ ದಿನ ನಡೆಯುತ್ತಿರಲಿಲ್ಲ.

ನೆನಪಿಡಿ: ಲೆಕ್ಕ ಕೇಳುವುದು ಕಳ್ಳತನ ಹೊರಿಸುವುದಲ್ಲ. ಮೊದಲು ಕಾಗದ ನೋಡಿರಿ, ಆಮೇಲೆ ಮನುಷ್ಯರನ್ನು ಕೇಳಿರಿ. ಕೇಳುವುದು ಸಭೆಯಲ್ಲಿ, ಎಲ್ಲರ ಮುಂದೆ. ಬಾವಿಯ ಕಟ್ಟೆಯ ಮೇಲೆ ಅಲ್ಲ.

ಅಭ್ಯಾಸ

1. ಶಿಲ್ಕು ಎಂದರೇನು? ನಿಮ್ಮ ಗಟ್ಟಿನ ಇಂದಿನ ಶಿಲ್ಕು ಎಷ್ಟು?
2. ವಹಿಯಲ್ಲಿ 540, ರಸೀದಿಯಲ್ಲಿ 450 ಇದೆ. ವ್ಯತ್ಯಾಸ ಎಷ್ಟು? 9ರಿಂದ ಭಾಗಿಸಿರಿ. ಏನು ತಪ್ಪಾಗಿರಬಹುದು?
3. ಮುಂದಿನ ಸಭೆಗೆ ಪಾಸಬುಕ್ ತರಿಸಿ, ಒಂದು ತಿಂಗಳ ಲೆಕ್ಕ ತಾಳೆ ನೋಡಿರಿ.