ಗಣಕದ ಆಟಗಳಲ್ಲಿ ಸಮಗತಿಯ ಸಾಧನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಅನೇಕ ಮನೆಗಳಿಗೆ ಗಣಕಯಂತ್ರವು ಮಕ್ಕಳ ವ್ಯಾಸಂಗದ ಹೆಸರಿನಲ್ಲಿ ಪ್ರವೇಶಿಸಿ, ಕ್ರಮೇಣ ಅವರ ಆಟದ ಸಾಧನವೂ ಆಗಿದೆ. ಆಟವು ತಡವರಿಸಿದೊಡನೆ ಹೊಸ ಯಂತ್ರವೇ ಬೇಕೆಂಬ ಹಟ ಹುಟ್ಟುತ್ತದೆ. ಮಳೆಯನ್ನೂ ಬೆಳೆಯನ್ನೂ ನೆಚ್ಚಿದ ತಂದೆತಾಯಿಗಳಿಗೆ ಆ ಬೇಡಿಕೆ ಹಗುರವಾದುದಲ್ಲ. ಇರುವ ಯಂತ್ರದ ಶಕ್ತಿಯನ್ನು ಅರಿತು ಬಳಸಿದರೆ ಹಣವೂ ಉಳಿಯುತ್ತದೆ. ಕಾರ್ಯಕಾರಣ ವಿವೇಚನೆಯ ಪಾಠವೂ ವಿದ್ಯಾರ್ಥಿಗೆ ದೊರೆಯುತ್ತದೆ.

ಇದನ್ನು ಬರಿಯ ಕಾಲಹರಣದ ವಿಷಯವೆಂದು ತಳ್ಳಿಹಾಕುವಂತಿಲ್ಲ. ೧೯೯೭ರಲ್ಲಿ ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಧ್ರುವ ಇಂಟರಾಕ್ಟಿವ್ ಸಂಸ್ಥೆಯು ವಿದೇಶಗಳ ಆಟಗಳಿಗೆ ಚಿತ್ರಗಳನ್ನು ರಚಿಸಿಕೊಟ್ಟು ಹೆಸರಾಯಿತು. ೨೦೧೯ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಆಟವನ್ನು ನಿರ್ಮಿಸುವುದೂ ಇಂದು ಒಂದು ಗೌರವದ ವೃತ್ತಿ.

ಸರಾಸರಿಯ ಮರೀಚಿಕೆ

ಗಣಕವು ಸೆಕೆಂಡಿಗೆ ೬೦ ಚಿತ್ರಗಳನ್ನು ತೋರಿಸಬೇಕಾದರೆ ಒಂದೊಂದನ್ನೂ ಸುಮಾರು ೧೬.೭ ಮಿಲಿಸೆಕೆಂಡುಗಳಲ್ಲಿ ಸಿದ್ಧಪಡಿಸಬೇಕು. ಒಂದು ಸೆಕೆಂಡಿನಲ್ಲಿ ೫೦ ಚಿತ್ರಗಳು ತಲಾ ೧೬ ಮಿಲಿಸೆಕೆಂಡುಗಳಲ್ಲಿ ಬಂದು, ಇನ್ನೊಂದು ಚಿತ್ರ ೨೦೦ ಮಿಲಿಸೆಕೆಂಡು ತೆಗೆದುಕೊಂಡಿತೆಂದು ಭಾವಿಸೋಣ. ಲೆಕ್ಕದಲ್ಲಿ ೫೧ ಚಿತ್ರಗಳಾದುವು. ಆದರೆ ಆಡುವವನ ಕಣ್ಣಿಗೆ ಕಂಡದ್ದು ಎಡವಿದ ಆ ಒಂದೇ ಕ್ಷಣ. ಸೆಕೆಂಡಿಗೆ ೩೦ ಚಿತ್ರಗಳೇ ಆದರೂ ಸಮಾಂತರದಲ್ಲಿ ಬಂದರೆ ಅದಕ್ಕಿಂತ ಹಿತ. ಹೊಳಲ್ಕೆರೆಯ ಅಡಕೆ ತೋಟಕ್ಕೆ ಒಂದು ದಿನದ ನೆರೆಗಿಂತ ನಿತ್ಯದ ಹನಿನೀರು ಲೇಸಲ್ಲವೆ? ಆದ್ದರಿಂದ ಸಾಮಾನ್ಯ ಪರದೆಯಲ್ಲಿ ವೇಗವನ್ನು ೬೦ಕ್ಕೆ, ಅಷ್ಟು ಸಾಧ್ಯವಾಗದಿದ್ದರೆ ೩೦ಕ್ಕೆ ಮಿತಿಗೊಳಿಸುವುದು ಜಾಣತನ.

ಕಾಲುವೆ ಎಲ್ಲಿ ಕಿರಿದಾಗಿದೆ?

ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ, ೧೯೦೭ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ೧೩೦ ಅಡಿ ತುಂಬಿದ್ದರೂ ಹೊಲಕ್ಕೆ ಬರುವ ನೀರು ಕಾಲುವೆಯ ಅಗಲಕ್ಕೆ ತಕ್ಕಷ್ಟೇ. ಗಣಕದ ರೀತಿಯೂ ಇದೇ. ಸಂಸ್ಕಾರಕ, ಗ್ರಾಫಿಕ್ಸ್ ಕಾರ್ಡ್, ಸ್ಮೃತಿ, ಡಿಸ್ಕು—ಇವುಗಳಲ್ಲಿ ಯಾವುದು ಕಿರಿದೋ ಅದೇ ಒಟ್ಟು ವೇಗವನ್ನು ನಿರ್ಣಯಿಸುತ್ತದೆ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ಇದನ್ನು ತೋರಿಸುತ್ತದೆ. ವೇಗಮಿತಿ ಹಾಕದೆ ಆಡುವಾಗ ಗ್ರಾಫಿಕ್ಸ್ ಕಾರ್ಡು ನೂರಕ್ಕೆ ನೂರರ ಸಮೀಪದಲ್ಲಿದ್ದರೆ ಕೊರತೆ ಅಲ್ಲಿದೆ; ಅದು ಬಿಡುವಾಗಿದ್ದೂ ಆಟ ನಿಧಾನವಾದರೆ ಸಂಸ್ಕಾರಕದ ಕಡೆ ನೋಡಬೇಕು; ಸ್ಮೃತಿ ತುಂಬಿಹೋಗಿದ್ದರೆ ಡಿಸ್ಕಿನ ಆಸರೆ ಬೇಕಾಗಿ ಆಟ ಎಡವುತ್ತದೆ.

ಕೊರತೆಗೆ ತಕ್ಕ ಮದ್ದು

ಗ್ರಾಫಿಕ್ಸಿನ ಕೊರತೆಗೆ ಮೊದಲ ಮದ್ದು ಚಿತ್ರದ ಅಳತೆಯನ್ನು ಇಳಿಸುವುದು. ೧೯೨೦×೧೦೮೦ ಅಳತೆಯಲ್ಲಿ ೨೦,೭೩,೬೦೦ ಬಿಂದುಗಳಿದ್ದರೆ, ೧೨೮೦×೭೨೦ ಅಳತೆಯಲ್ಲಿ ೯,೨೧,೬೦೦ ಮಾತ್ರ. ಹೊರೆ ಅರ್ಧಕ್ಕಿಂತಲೂ ತಗ್ಗಿತು. ಬಳಿಕ ನೆರಳು, ಪ್ರತಿಬಿಂಬಗಳನ್ನು ಇಳಿಸಬಹುದು. ಸಂಸ್ಕಾರಕದ ಕೊರತೆಗೆ ಅಳತೆ ಇಳಿಸಿ ಪ್ರಯೋಜನವಿಲ್ಲ; ದೂರದ ದೃಶ್ಯದ ವ್ಯಾಪ್ತಿಯನ್ನೂ ಜನಸಂದಣಿಯನ್ನೂ ಕಡಿಮೆ ಮಾಡಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದ ಯಂತ್ರವು ಮುಖ್ಯ ಸ್ಮೃತಿಯನ್ನೇ ಹಂಚಿಕೊಳ್ಳುವುದರಿಂದ, ೮ ಜಿಬಿಯ ಒಂದೇ ಪಟ್ಟಿಗಿಂತ ೪ ಜಿಬಿಯ ಎರಡು ಪಟ್ಟಿಗಳು ಸಾಮಾನ್ಯವಾಗಿ ಹೆಚ್ಚು ಫಲ ಕೊಡುತ್ತವೆ.

ದುರ್ಗದ ಬೇಸಿಗೆ, ಧೂಳುಗಳನ್ನೂ ಮರೆಯಬಾರದು. ಕಾವು ಮಿತಿಮೀರಿದಾಗ ಯಂತ್ರವು ಆತ್ಮರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಮೊದಲ ಹತ್ತು ನಿಮಿಷ ಚೆನ್ನಾಗಿ ನಡೆದ ಆಟ ಅನಂತರ ಕುಂಟಿದರೆ, ಫ್ಯಾನಿನ ಧೂಳನ್ನು ತೆಗೆಯುವುದೇ ಮೊದಲ ಚಿಕಿತ್ಸೆ.

ಆರಂಭದ ಆದೇಶಗಳು

ಸ್ಟೀಮ್‌ನಲ್ಲಿ ಆಟದ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಲಾಂಚ್ ಆಪ್ಷನ್ಸ್ ಎಂಬ ಚೌಕ ಸಿಗುತ್ತದೆ. ಇಲ್ಲಿ ಬರೆಯುವ ಆದೇಶಗಳು ಮಂತ್ರಗಳಲ್ಲ. ಆಯಾ ಆಟದ ನಿರ್ಮಾಪಕರು ಒಪ್ಪಿದವು ಮಾತ್ರ ಫಲಿಸುತ್ತವೆ. ವಾಲ್ವ್ ಸಂಸ್ಥೆಯ ಹಲವು ಆಟಗಳಲ್ಲಿ ‘-ನೋವಿಡ್’ ಎಂಬುದು ಆರಂಭದ ದೃಶ್ಯವನ್ನು ಕೈಬಿಡುತ್ತದೆ. ಇದರಿಂದ ಕಾಯುವಿಕೆ ತಪ್ಪುವುದೇ ಹೊರತು ಆಟದ ವೇಗ ಹೆಚ್ಚದು. ಡೋಟಾ ೨ರಲ್ಲಿ ‘-ವಲ್ಕನ್’ ಎಂಬುದು ಚಿತ್ರ ಬಿಡಿಸುವ ವಿಧಾನವನ್ನೇ ಬದಲಿಸುವುದರಿಂದ ಒಂದು ಯಂತ್ರಕ್ಕೆ ಒಗ್ಗಬಹುದು, ಮತ್ತೊಂದಕ್ಕೆ ಒಗ್ಗದಿರಬಹುದು. ಆದ್ಯತೆ ಹೆಚ್ಚಿಸುವ ‘-ಹೈ’ ಆದೇಶವು, ಸಂಸ್ಕಾರಕ ಮೊದಲೇ ದಣಿದಿದ್ದರೆ, ಧ್ವನಿಯೇ ಮೊದಲಾದ ಇತರ ಕಾರ್ಯಗಳಿಗೆ ಅಡ್ಡಿಯಾಗಬಹುದು. ಪರರು ಹೇಳಿದ ಪಟ್ಟಿಯನ್ನು ಇಡಿಯಾಗಿ ನಕಲು ಮಾಡುವುದು ಸಲ್ಲದು.

ಪ್ರಯೋಗದ ಕ್ರಮ

ಆಟದ ಒಂದೇ ಭಾಗವನ್ನು ಆಯ್ದು ಮೊದಲು ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆದು, ಫಲವನ್ನು ಬರೆದಿಡಬೇಕು. ಲಾಭ ಕಾಣದ ಬದಲಾವಣೆಯನ್ನು ಹಿಂದಿನಂತೆಯೇ ಮಾಡಬೇಕು. ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಉಪಾಧ್ಯಾಯರು ಕಲಿಸುವ ಕ್ರಮವೂ ಇದೇ ಆಗಿದೆ.

ಈ ಕ್ರಮವನ್ನು ಬಲ್ಲ ಬಾಲಕನು ಹೊಸ ಯಂತ್ರವನ್ನು ಕೇಳುವ ಮೊದಲು ಇರುವುದರಲ್ಲಿ ಕೊರತೆ ಯಾವುದೆಂದು ತಂದೆಗೆ ತೋರಿಸಬಲ್ಲನು. ಶಾಲೆಗೆ ಗಣಕಗಳನ್ನು ಕೊಡುವ ದಾನಿಯೂ ಹತ್ತು ಯಂತ್ರಗಳನ್ನು ಬದಲಿಸುವ ಬದಲು ಹತ್ತು ಸ್ಮೃತಿಪಟ್ಟಿಗಳಿಂದ ಕಾರ್ಯ ಸಾಧಿಸಬಲ್ಲನು. ಅಳೆದು ತಿಳಿದ ಮೇಲೆ ಕೊಳ್ಳಬೇಕಾದುದನ್ನು ಕೊಂಡರೆ, ಆ ಹಣ ವ್ಯರ್ಥವಾಗದು.