ಮಗ್ಗದ ಮನೆಯ ಟಿವಿ

ಪ್ರಶ್ನೆ: ನಾವು ಮೊಳಕಾಲ್ಮುರಿನ ರೇಷ್ಮೆ ಸೀರೆ ನೇಕಾರರು. ಮನೆಮಾತು ತೆಲುಗು. ಗಂಡ ಹೆಂಡತಿ ಇಬ್ಬರೂ ಮಗ್ಗದಲ್ಲಿರುತ್ತೇವೆ. ಆರು ವರ್ಷದ ಮಗ ಶಾಲೆಯಿಂದ ಬಂದವನೇ ಟಿವಿ ಮುಂದೆ ಕೂರುತ್ತಾನೆ, ಹಿಂದಿ ಕಾರ್ಟೂನಿನ ಮಾತನ್ನೇ ಆಡುತ್ತಾನೆ. ಕೇಬಲ್ ತೆಗೆಸು ಅಂತ ಅತ್ತೆ ಹೇಳ್ತಾರೆ. ಟಿವಿ ನೋಡಿದರೆ ಮಕ್ಕಳು ಜಾಣರಾಗ್ತಾರೆ ಅಂತ ಚಳ್ಳಕೆರೆಯ ಅಣ್ಣ ಹೇಳ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಕೇಬಲ್ ತೆಗೆಸಬೇಡಿ ಅಮ್ಮಾ. ಅಣ್ಣನ ಮಾತನ್ನೂ ಪೂರ್ತಿ ನಂಬಬೇಡಿ. ಮಗನ ಹತ್ತಿರ ಕೂರಲು ನಿಮಗೆ ಬಿಡುವಿಲ್ಲ ಎಂಬ ಕೊರಗು ಪತ್ರದ ಒಂದೊಂದು ಸಾಲಿನಲ್ಲೂ ಇದೆ. ನೀವು ದುಡಿಯುತ್ತಿರುವುದು ಅವನಿಗಾಗಿಯೇ. ಅದನ್ನು ತಪ್ಪೆಂದು ಎಣಿಸಬೇಡಿ.

ಟಿವಿ ಮಕ್ಕಳಿಗೆ ಏನು ಮಾಡುತ್ತದೆ ಎಂಬುದನ್ನು ನಮ್ಮ ಹಳ್ಳಿಗಳಲ್ಲೇ ಒಮ್ಮೆ ನೋಡಿದ್ದಾರೆ. 1975ರ ಆಗಸ್ಟ್‌ನಿಂದ ಒಂದು ವರ್ಷ, ಇಸ್ರೋದವರು ಅಮೆರಿಕದ ಉಪಗ್ರಹವೊಂದನ್ನು ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಕಳಿಸಿದರು. ನಮ್ಮಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆಂದೇ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ. ಆಮೇಲೆ ಪರೀಕ್ಷಿಸಿದಾಗ ಮಕ್ಕಳ ಭಾಷೆ ಬೆಳೆದಿತ್ತು, ತಿಳಿದುಕೊಳ್ಳುವ ಆಸೆ ಹೆಚ್ಚಿತ್ತು. ಶಾಲೆ ಬಿಡುವವರು ಮಾತ್ರ ಕಡಿಮೆಯಾಗಿರಲಿಲ್ಲ. ಪೆಟ್ಟಿಗೆ ಆಸೆ ಹುಟ್ಟಿಸಬಲ್ಲದು, ಕೈ ಹಿಡಿದು ನಡೆಸಲಾರದು.

ಅಮೆರಿಕದಲ್ಲಿ 1969ರಲ್ಲಿ 'ಸೆಸಮಿ ಸ್ಟ್ರೀಟ್' ಎಂಬ ಬೊಂಬೆಗಳ ಕಾರ್ಯಕ್ರಮ ಶುರುವಾಯಿತು. ಅಕ್ಷರ, ಎಣಿಕೆ ಕಲಿಸುವುದೇ ಅದರ ಉದ್ದೇಶ. ಚೆನ್ನಾಗಿ ಸಿಗ್ನಲ್ ಸಿಗುತ್ತಿದ್ದ ಊರುಗಳ ಮಕ್ಕಳು ವಯಸ್ಸಿಗೆ ತಕ್ಕ ತರಗತಿಯಲ್ಲೇ ಮುಂದುವರಿದದ್ದು ಹೆಚ್ಚು ಎಂದು ದಶಕಗಳ ನಂತರ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದರು. ಆದರೆ ನಿಮಗೆ ಬೇಕಾದದ್ದು ಅದಕ್ಕಿಂತ ಹಳೆಯ, ಕಾರ್ಯಕ್ರಮ ಶುರುವಾದ ದಿನಗಳ ಒಂದು ಅಧ್ಯಯನ. ಯಾವ ಮಕ್ಕಳ ತಾಯಂದಿರು ಜೊತೆಗೆ ಕೂತು ನೋಡಿ ಅದರ ಬಗ್ಗೆ ಮಾತಾಡಿದರೋ ಆ ಮಕ್ಕಳೇ ಹೆಚ್ಚು ಕಲಿತಿದ್ದರು.

ನಿಮಗೆ ಕೂರಲಾಗುವುದಿಲ್ಲ, ಗೊತ್ತು. ಮಗ್ಗದ ಸದ್ದಿನಲ್ಲಿ ಮಾತೂ ಕೇಳಿಸದು. ಆದರೆ ನೂಲಿನ ಕಂಡಿಕೆ ಸುತ್ತುವ ಹೊತ್ತಿನಲ್ಲಿ ಕೈಗಷ್ಟೇ ಕೆಲಸ, ಬಾಯಿಗೆ ಬಿಡುವು. ಆಗ ಅವನನ್ನು ಹತ್ತಿರ ಕೂರಿಸಿಕೊಂಡು ಇವತ್ತು ಕಾರ್ಟೂನಿನ ಭೀಮ ಏನು ಮಾಡಿದ ಅಂತ ಕೇಳಿ. ಟಿವಿಯಲ್ಲಿ ಎಣಿಕೆ ಬಂದಿದ್ದರೆ ಅಂಚಿನ ಬುಟ್ಟಾ ಎಣಿಸಲಿ, ಬಣ್ಣ ಬಂದಿದ್ದರೆ ಸೆರಗಿನಲ್ಲಿ ಹುಡುಕಲಿ. ನೇಕಾರರ ಮನೆಯಲ್ಲಿ ಲೆಕ್ಕಕ್ಕೂ ಬಣ್ಣಕ್ಕೂ ಬರವೇ?

ಹಿಂದಿಗೆ ಹೆದರಬೇಡಿ. ಗಡಿ ತಾಲ್ಲೂಕಿನ ಮಕ್ಕಳಿಗೆ ಎರಡು ಭಾಷೆ ಹುಟ್ಟಿನಿಂದ ಬಂದದ್ದು, ಮೂರನೆಯದು ಭಾರವಲ್ಲ. ಹಿಂದಿಯಲ್ಲಿ ನೋಡಿದ ಕತೆಯನ್ನು ಅಜ್ಜಿಗೆ ತೆಲುಗಿನಲ್ಲಿ ಹೇಳಬೇಕು ಎಂಬ ಒಂದು ನಿಯಮ ಮಾಡಿ. ಅತ್ತೆಯ ಸಿಟ್ಟು ನನಗೆ ಅರ್ಥವಾಗುತ್ತದೆ. ಮೊದಲು ಅವರ ಮಡಿಲಲ್ಲಿ ಕತೆ ಕೇಳುತ್ತಿದ್ದ ಕೂಸು ಈಗ ಅವರ ಕಡೆ ತಿರುಗಿಯೂ ನೋಡುವುದಿಲ್ಲ, ಅದೇ ನೋವು. ಕತೆ ಕೇಳುವ ಕೆಲಸ ಅವರಿಗೇ ಕೊಡಿ. ಊಟದ ಹೊತ್ತಿಗೆ ಟಿವಿ ಆರಿಸುವ ಅಧಿಕಾರವೂ ಅವರದೇ ಇರಲಿ.

ದೂರದರ್ಶನದ ಚಂದನ ವಾಹಿನಿಯಲ್ಲಿ ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದ 'ಥಟ್ ಅಂತ ಹೇಳಿ' ರಸಪ್ರಶ್ನೆ ಬಂದಾಗ ಮನೆಯವರೆಲ್ಲ ಕೂತು ನೋಡಿ. ಮಗನಿಗೆ ಉತ್ತರ ಹೊಳೆಯದಿದ್ದರೂ ಚಿಂತೆಯಿಲ್ಲ. ಗೆದ್ದವರಿಗೆ ಅಲ್ಲಿ ಪುಸ್ತಕ ಕೊಡುತ್ತಾರೆ, ಆರು ವರ್ಷದ ಕಣ್ಣಿಗೆ ಅದು ಬೀಳಬೇಕು.

ಅಣ್ಣನಿಗೂ ಒಂದು ಕೆಲಸವಿದೆ. ಚಂದ್ರಯಾನ-2ರ ಪರೀಕ್ಷೆಗೆಂದು ಇಸ್ರೋದವರು ಚಂದ್ರನ ಮೇಲಿರುವಂಥ ಕುಳಿಗಳನ್ನು ತೋಡಿದ್ದು ಅಣ್ಣನ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ. 2024ರಲ್ಲಿ ಇಸ್ರೋದ ಮರುಬಳಕೆ ಉಡಾವಣಾ ವಾಹನ 'ಪುಷ್ಪಕ್' ಆಕಾಶದಿಂದ ಇಳಿದದ್ದೂ ಚಳ್ಳಕೆರೆಯಲ್ಲೇ. ಟಿವಿಯಲ್ಲಿ ರಾಕೆಟ್ ಕಂಡ ದಿನ ಸೋದರಮಾವನಿಗೆ ಫೋನು ಮಾಡಿಸಿ, ಮುಂದಿನದನ್ನು ಮಾವನೇ ಹೇಳಲಿ.

ಒಂದು ತಿಂಗಳು ಹೀಗೆ ನಡೆಸಿ. ಅಜ್ಜಿಗೆ ಅವನು ಮೊದಲು ಹೇಳಿದ ಕತೆ ಯಾವುದು ಅಂತ ನನಗೆ ಬರೆಯಿರಿ.